ಮಾಫಿ ಅನ್ನಬೇಡಿ, ಅದು ದುಡಿಮೆಯ ಪಾಲು



ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡಿಕೊಂಡು ಓದಿ. ಓದೋ ಮಕ್ಕಳಿರೋ ಮನೆಗಳಿಗೆ ಕಳಿಸಿ.

ಪ್ರತಿವರ್ಷ ಮಾರ್ಚ್-ಏಪ್ರಿಲ್ ಬಂದರೆ ನನ್ನ ಇನ್‌ಬಾಕ್ಸಿಗೆ ಒಂದೇ ಥರದ ಮೆಸೇಜುಗಳು ಬರುತ್ತವೆ. "ಅಣ್ಣಾ, ಅಮೆರಿಕದಲ್ಲಿ ಪಿಎಚ್‌ಡಿಗೆ ಸೀಟು ಸಿಕ್ಕಿದೆ. ಫೀಸು ಫುಲ್ ಮಾಫಿ ಮಾಡಿದಾರೆ. ತಿಂಗಳಿಗೆ ಇಷ್ಟು ಡಾಲರ್ ಕೊಡ್ತಾರಂತೆ. ದೊಡ್ಡ ಮನಸ್ಸು ಅಲ್ವಾ ಅವರದ್ದು?" ನಮ್ಮ ಕೇರಿಯಿಂದ, ನಮ್ಮ ಹಾಸ್ಟೆಲುಗಳಿಂದ ಒಬ್ಬ ಹುಡುಗನೋ ಹುಡುಗಿಯೋ ಅಲ್ಲಿಗೆ ಹೊರಟರು ಅಂದರೆ ನನಗಾಗುವ ಸಂತೋಷವನ್ನ ಬಿಡಿಸಿ ಹೇಳಬೇಕಿಲ್ಲ. ಆದರೆ ಆ "ಮಾಫಿ" ಅನ್ನೋ ಪದ, ಆ "ದೊಡ್ಡ ಮನಸ್ಸು" ಅನ್ನೋ ಪದ ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ.

ಮಾಫಿ ಯಾರಿಗೆ ಮಾಡ್ತಾರೆ? ತಪ್ಪು ಮಾಡಿದವರಿಗೆ, ಸಾಲ ಉಳಿಸಿಕೊಂಡವರಿಗೆ. ಮಾಫಿ ಮಾಡೋನು ಮೇಲೆ ಕೂತಿರ್ತಾನೆ, ಮಾಡಿಸಿಕೊಳ್ಳೋನು ಕೆಳಗೆ ನಿಂತಿರ್ತಾನೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುತ್ತಾ, ಲ್ಯಾಬಿನಲ್ಲಿ ದುಡಿಯುತ್ತಾ ಓದುವ ವಿದ್ಯಾರ್ಥಿಗಳಿಗೆ ಸಿಗೋ ಶುಲ್ಕ ವಿನಾಯಿತಿ ಯಾರ ದೊಡ್ಡ ಮನಸ್ಸಿನಿಂದಲೂ ಬಂದದ್ದಲ್ಲ. ಅದಕ್ಕೊಂದು ಚರಿತ್ರೆ ಇದೆ. ಆ ಚರಿತ್ರೆಯಲ್ಲಿ ಮುಷ್ಕರ ಇದೆ, ಕಪ್ಪು ಜನರ ಹೋರಾಟ ಇದೆ, ನಮ್ಮ ಬಾಬಾಸಾಹೇಬರ ನೆರಳೂ ಇದೆ. ಅದನ್ನೇ ಇವತ್ತು ಬರೀತಿದ್ದೀನಿ.

ಮೊದಲು ಈ ವ್ಯವಸ್ಥೆ ಏನು ಅಂತ ಬಿಡಿಸಿ ಹೇಳ್ತೀನಿ.

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಪದವಿ ಓದುವ ಸಾವಿರಾರು ಹುಡುಗರ ತರಗತಿಗಳನ್ನ ಪ್ರೊಫೆಸರುಗಳು ಒಬ್ಬರೇ ನಡೆಸೋದಿಲ್ಲ. ದೊಡ್ಡ ಹಾಲಿನಲ್ಲಿ ಪ್ರೊಫೆಸರ್ ಒಂದು ಗಂಟೆ ಮಾತಾಡಿ ಹೋಗ್ತಾರೆ. ಆಮೇಲೆ ಸಣ್ಣ ಸಣ್ಣ ಗುಂಪು ಮಾಡಿ ಪಾಠ ಬಿಡಿಸಿ ಹೇಳೋದು, ಪೇಪರ್ ತಿದ್ದೋದು, ಅಂಕ ಕೊಡೋದು, ಲ್ಯಾಬ್ ನಡೆಸೋದು, ಅಳುತ್ತಾ ಬಂದ ವಿದ್ಯಾರ್ಥಿಗೆ ಸಮಾಧಾನ ಹೇಳೋದು, ಇವನ್ನೆಲ್ಲ ಮಾಡೋರು ಎಂಎ, ಪಿಎಚ್‌ಡಿ ಓದುತ್ತಿರುವ ಟೀಚಿಂಗ್ ಅಸಿಸ್ಟೆಂಟುಗಳು. ವಿಜ್ಞಾನ ವಿಭಾಗಗಳಲ್ಲಿ ರಿಸರ್ಚ್ ಅಸಿಸ್ಟೆಂಟುಗಳು. ಕಾಗದದ ಮೇಲೆ ಇದು ಅರೆಕಾಲಿಕ ಕೆಲಸ, ಸಾಮಾನ್ಯವಾಗಿ ವಾರಕ್ಕೆ 20 ಗಂಟೆ. ಇದಕ್ಕೆ ಪ್ರತಿಯಾಗಿ ಎರಡು ಸಿಗುತ್ತೆ. ಒಂದು, ಕೈಗೆ ಬರೋ ಸ್ಟೈಪೆಂಡ್. ಇನ್ನೊಂದು, ಟ್ಯೂಷನ್ ವೇವರ್, ಅಂದರೆ ಬೋಧನಾ ಶುಲ್ಕದ ವಿನಾಯಿತಿ.

ಈ ಎರಡನೆಯದು ಕೈಗೆ ಬರೋದೇ ಇಲ್ಲ. ವಿಶ್ವವಿದ್ಯಾಲಯವೇ ಒಂದು ಬಿಲ್ ಬರೆಯುತ್ತೆ, ತಾನೇ ಅದನ್ನ ಹೊಡೆದುಹಾಕುತ್ತೆ. ಸಂಶೋಧನಾ ಸಹಾಯಕರಾದರೆ ಎಷ್ಟೋ ಕಡೆ ಪ್ರೊಫೆಸರಿಗೆ ಬಂದ ಸರ್ಕಾರಿ ಅನುದಾನದಿಂದ ಆ ಶುಲ್ಕವನ್ನ ಮುರಿದುಕೊಳ್ಳುತ್ತೆ. ಇನ್ನುಳಿದಂತೆ ಒಂದು ಜೇಬಿಂದ ಇನ್ನೊಂದು ಜೇಬಿಗೆ, ಅಷ್ಟೇ. ಪಿಎಚ್‌ಡಿಯ ಮೊದಲ ಎರಡು ಮೂರು ವರ್ಷ ಕೋರ್ಸುಗಳು ಮುಗಿದಮೇಲೆ ಆ ವಿದ್ಯಾರ್ಥಿ ತರಗತಿಗೆ ಹೋಗಿ ಕೂರೋದೇ ಕಡಿಮೆ. ಆದರೂ ಬಿಲ್ ಬರುತ್ತೆ, ಹೊಡೆದುಹಾಕಲಾಗುತ್ತೆ. ವರ್ಷದ ಕೊನೆಗೆ "ನಿಮಗಾಗಿ ನಾವು ಇಷ್ಟು ಸಾವಿರ ಡಾಲರ್ ಖರ್ಚು ಮಾಡಿದ್ದೀವಿ" ಅನ್ನೋ ಮಾತು ಬೇರೆ.

ಇದನ್ನ ಕೇಳಿದಾಗ ನನಗೆ ನಮ್ಮ ಊರಿನ ಕಣ ನೆನಪಾಗುತ್ತೆ. ತೋಟಿ, ತಳವಾರ, ನೀರಗಂಟಿ ಅಂತ ನಮ್ಮ ಹಿರೀಕರು ಊರಿನ ಚಾಕರಿ ಮಾಡಿದರು. ಸತ್ತ ದನ ಎಳೆದರು, ಸುದ್ದಿ ಹೊತ್ತು ಊರೂರು ಓಡಿದರು, ರಾತ್ರಿ ಕಾವಲು ಕಾದರು. ಕೂಲಿ ಅಂತ ಕೈಗೆ ಕಾಸು ಬರಲಿಲ್ಲ. ಸುಗ್ಗಿಯಲ್ಲಿ ಕಣದ ಮುಂದೆ ನಿಂತು "ಆಯ" ಇಸ್ಕೋಬೇಕು. ಗೌಡನ ಮನಸ್ಸು ಚೆನ್ನಾಗಿದ್ದರೆ ಮೊರ ತುಂಬ, ಕೆಟ್ಟಿದ್ದರೆ ಅರ್ಧ. ತಲೆ ಎತ್ತಿ ಮಾತಾಡಿದ ವರ್ಷ ಅದೂ ಇಲ್ಲ. ದುಡಿಮೆಗೆ ಸಿಗಬೇಕಾದ್ದನ್ನ ದಾನದ ರೂಪದಲ್ಲಿ ಕೊಟ್ಟರೆ ಏನಾಗುತ್ತೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಬಾಸಾಹೇಬರು 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದಿದ್ದು ಈ ಕಾರಣಕ್ಕೇ. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳನ್ನ ರದ್ದು ಮಾಡುವ ಕಾಯಿದೆ ಬಂದಿದ್ದು 1961ರಲ್ಲಿ.

ಅಮೆರಿಕದ ಪಿಎಚ್‌ಡಿ ವಿದ್ಯಾರ್ಥಿಯ ಕಷ್ಟ, ನಮ್ಮ ತೋಟಿಯ ಕಷ್ಟ ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳಿದರೆ ನಮ್ಮ ಹಿರೀಕರಿಗೆ ಅವಮಾನ. ಅಲ್ಲಿ ಹೊಲಸು ಹೊರಬೇಕಿಲ್ಲ, ಮುಟ್ಟು-ಮಡಿ ಇಲ್ಲ. ಆದರೆ ಕೊಡೋ ರೀತಿಯಲ್ಲಿರೋ ಆ ಗುಟ್ಟು ಮಾತ್ರ ಒಂದೇ. ಕೈಗೆ ಬಾರದ ಕೂಲಿಯನ್ನ ಕಿತ್ತುಕೊಳ್ಳೋದು ಸುಲಭ.

ಈಗ ಬಾಬಾಸಾಹೇಬರ ಮಾತಿಗೆ ಬರೋಣ. 1913ರಲ್ಲಿ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಬರೋಡದ ಸಯಾಜಿರಾವ್ ಗಾಯಕವಾಡರ ಸಂಸ್ಥಾನದಿಂದ ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಷರತ್ತು ಏನು ಗೊತ್ತಾ? ಓದು ಮುಗಿಸಿ ಬಂದು 10 ವರ್ಷ ಬರೋಡ ಸಂಸ್ಥಾನದ ಸೇವೆ ಮಾಡಬೇಕು. 1915ರಲ್ಲಿ ಎಂಎ ಮುಗಿಸಿದರು. 1916ರಲ್ಲಿ ಲಂಡನ್ನಿಗೆ ಹೋದರು. 1917ರಲ್ಲಿ ವೇತನದ ಅವಧಿ ಮುಗೀತು, ಲಂಡನ್ನಿನ ಓದು ಅರ್ಧಕ್ಕೆ ನಿಂತಿತು. ಬರೋಡಕ್ಕೆ ಹೋಗಿ ಕೆಲಸಕ್ಕೆ ಸೇರಿದರೆ ಅಲ್ಲಿ ಉಳಿಯೋಕೆ ಒಂದು ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ಓಡಿಸಿದರು. ಮತ್ತೆ ಲಂಡನ್ನಿಗೆ ಹೋಗೋಕೆ 1920ರವರೆಗೆ ಕಾಯಬೇಕಾಯ್ತು. ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ ಕೂಡಿಟ್ಟ ದುಡ್ಡು, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯನ ಹತ್ತಿರ ಸಾಲ, ಎಲ್ಲ ಸೇರಿಸಿ ಹೋದರು.

ಗಾಯಕವಾಡರನ್ನ ನಾವು ಕೃತಜ್ಞತೆಯಿಂದಲೇ ನೆನೀತೀವಿ. ಆದರೆ ಒಬ್ಬ ರಾಜನ ಒಳ್ಳೆತನದ ಮೇಲೆ ನಿಂತ ಓದು ಎಷ್ಟು ಗಟ್ಟಿ, ಎಲ್ಲಿಗೆ ನಿಲ್ಲುತ್ತೆ ಅನ್ನೋದನ್ನ ಬಾಬಾಸಾಹೇಬರು ತಮ್ಮ ಮೈಮೇಲೇ ಕಂಡವರು. ಅದಕ್ಕೇ ತಮ್ಮ ಕೈಗೆ ಅಧಿಕಾರ ಬಂದಾಗ, 1942ರಲ್ಲಿ ವೈಸರಾಯ್ ಕಾರ್ಯಕಾರಿ ಮಂಡಳಿಗೆ ಸೇರಿದಮೇಲೆ, ಪರಿಶಿಷ್ಟ ಜಾತಿಯ ಮಕ್ಕಳ ಉನ್ನತ ಶಿಕ್ಷಣಕ್ಕೆ ಸರ್ಕಾರದ ಖಜಾನೆಯಿಂದಲೇ ಹಣ ಇಡಿಸಿದರು. ಇವತ್ತಿನ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ಪಿನ ಬೇರು ಅಲ್ಲಿದೆ, 1944ರಲ್ಲಿ. ರಾಜನ ದಯೆಯಿಂದ ಸರ್ಕಾರದ ಕರ್ತವ್ಯಕ್ಕೆ ತಂದರು. ಈ ಒಂದು ಹೆಜ್ಜೆ ಎಷ್ಟು ದೊಡ್ಡದು ಅಂತ ತಲೆಯಲ್ಲಿಟ್ಟುಕೊಳ್ಳಿ. ಅಮೆರಿಕದ ಕತೆಯೂ ಇದೇ ಹೆಜ್ಜೆಯ ಕತೆ.

ಎರಡನೇ ಮಹಾಯುದ್ಧ ಮುಗಿದಮೇಲೆ ಅಮೆರಿಕದ ವಿಶ್ವವಿದ್ಯಾಲಯಗಳು ಊದಿಕೊಂಡವು. 1944ರ ಜಿಐ ಬಿಲ್ ಕಾಯಿದೆಯಿಂದ ಸೈನಿಕರು ಕಾಲೇಜಿಗೆ ಬಂದರು. ಕಾಯಿದೆಯ ಅಕ್ಷರದಲ್ಲಿ ಎಲ್ಲರಿಗೂ ಅಂತ ಇದ್ದರೂ ಆ ಲಾಭ ಕಪ್ಪು ಸೈನಿಕರಿಗೆ ಸರಿಯಾಗಿ ತಲುಪಲಿಲ್ಲ, ಅದು ಬೇರೆ ಕತೆ. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿತು. ಗಾಬರಿಬಿದ್ದ ಅಮೆರಿಕ 1958ರಲ್ಲಿ ಕಾಯಿದೆ ಮಾಡಿ ಉನ್ನತ ಶಿಕ್ಷಣಕ್ಕೆ ದುಡ್ಡು ಸುರಿಯಿತು. ವಿದ್ಯಾರ್ಥಿಗಳು ಹೆಚ್ಚಿದರು, ಅವರಿಗೆ ಪಾಠ ಮಾಡೋರು ಬೇಕಾಯ್ತು. ಕಡಿಮೆ ಖರ್ಚಿನಲ್ಲಿ ಸಿಕ್ಕಿದವರು ಈ ಅರೆಕಾಲಿಕ ಸಹಾಯಕರು.

ಅಲ್ಲಿಂದ ನೇರ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಊರಿಗೆ ಬನ್ನಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಟೀಚಿಂಗ್ ಅಸಿಸ್ಟೆಂಟುಗಳು ಒಂದು ಸಂಘ ಕಟ್ಟಿದರು. ಹೆಸರು ಟೀಚಿಂಗ್ ಅಸಿಸ್ಟೆಂಟ್ಸ್ ಅಸೋಸಿಯೇಷನ್. ಮೊದಮೊದಲು ಸದಸ್ಯರು ಕೆಲವೇ ಜನ. 1969ರ ಫೆಬ್ರವರಿಯಲ್ಲಿ ಅದೇ ಕ್ಯಾಂಪಸ್ಸಿನಲ್ಲಿ ಕಪ್ಪು ವಿದ್ಯಾರ್ಥಿಗಳು 13 ಬೇಡಿಕೆ ಮುಂದಿಟ್ಟು ಮುಷ್ಕರ ಹೂಡಿದರು. ಕಪ್ಪು ಜನರ ಚರಿತ್ರೆ, ಬದುಕು ಕಲಿಸೋಕೆ ಒಂದು ಪ್ರತ್ಯೇಕ ವಿಭಾಗ ಬೇಕು ಅನ್ನೋದು ಮುಖ್ಯ ಬೇಡಿಕೆ. ಸಾವಿರಾರು ಬಿಳಿಯ ವಿದ್ಯಾರ್ಥಿಗಳೂ ಜೊತೆಗೆ ಬಂದರು. ಗವರ್ನರ್ ನ್ಯಾಷನಲ್ ಗಾರ್ಡ್ ಪಡೆಯನ್ನ ಕರೆಸಿದ. ಓದೋ ಜಾಗದಲ್ಲಿ ಬಂದೂಕು ಬಂತು.

ಅದೇ ಕಾಲಕ್ಕೆ ರಾಜ್ಯದ ಶಾಸನಸಭೆಯಲ್ಲಿ ಒಂದು ಮಸೂದೆ ಬಂತು. ಬೇರೆ ರಾಜ್ಯಗಳಿಂದ ಬಂದು ಪಾಠ ಮಾಡುತ್ತಿದ್ದ ಸಹಾಯಕರಿಗೆ ಹೊರರಾಜ್ಯದವರ ದುಬಾರಿ ಶುಲ್ಕದಿಂದ ಇದ್ದ ವಿನಾಯಿತಿಯನ್ನ ತೆಗೆಯಬೇಕು ಅಂತ. ಹೊರಗಿನಿಂದ ಬಂದವರೇ ಗಲಾಟೆ ಎಬ್ಬಿಸ್ತಾರೆ ಅನ್ನೋ ಮಾತು ಆಗ ಅಧಿಕಾರದಲ್ಲಿದ್ದವರ ಬಾಯಲ್ಲಿ ಓಡಾಡುತ್ತಿತ್ತು. ನಮಗೆ ಈ ಮಾತು ಹೊಸದಲ್ಲ ಬಿಡಿ. ಊರಲ್ಲಿ ನಮ್ಮವರು ದೇವಸ್ಥಾನದ ಬಾಗಿಲಿಗೆ ಹೋದಾಗ "ಹೊರಗಿನ ಸಂಘದವರು ಬಂದು ಕೆಡಿಸಿದರು" ಅಂತಾರಲ್ಲ, ಅದೇ ರಾಗ.

ಅಲ್ಲಿವರೆಗೆ ಸಂಘ ಅಂದರೆ ಮೂಗು ಮುರಿಯುತ್ತಿದ್ದವರಿಗೂ ಆಗ ಅರ್ಥವಾಯಿತು. ನಮ್ಮ ಊಟದ ತಟ್ಟೆ ಯಾರದೋ ಕೈಯಲ್ಲಿದೆ, ಮನಸ್ಸು ಬಂದಾಗ ಎಳೆದುಕೊಳ್ಳಬಹುದು ಅಂತ. ಸಂಘಕ್ಕೆ ಸದಸ್ಯರ ಸಾಲೇ ಬಂತು. 1969ರ ಮೇ ತಿಂಗಳಲ್ಲಿ ಮತದಾನ ನಡೆದು ಭಾರಿ ಬಹುಮತದಿಂದ ಸಂಘಕ್ಕೆ ಮಾನ್ಯತೆ ಸಿಕ್ಕಿತು. ಆಡಳಿತ ಮಾತುಕತೆ ಎಳೆದಾಡಿತು. 1970ರ ಮಾರ್ಚ್ 16ರಂದು ಮುಷ್ಕರ ಶುರು. ಮೂರು ವಾರಕ್ಕೂ ಹೆಚ್ಚು ನಡೆಯಿತು. ಸರ್ಕಾರಿ ನೌಕರರು ಮುಷ್ಕರ ಮಾಡುವಂತಿಲ್ಲ ಅನ್ನೋ ಕಾನೂನು ಇದ್ದಾಗಲೂ ಮಾಡಿದರು. ಲಾರಿ ಚಾಲಕರ ಯೂನಿಯನ್ನಿನವರು ಮುಷ್ಕರದ ಸಾಲನ್ನ ದಾಟಿ ಕ್ಯಾಂಪಸ್ಸಿಗೆ ಸಾಮಾನು ತರಲಿಲ್ಲ. ಕೊನೆಗೆ ಒಪ್ಪಂದ ಆಯ್ತು. ಓದುತ್ತಾ ದುಡಿಯುವವರ ಸಂಘವೊಂದು ಅಮೆರಿಕದಲ್ಲಿ ಲಿಖಿತ ಒಪ್ಪಂದ ಪಡೆದದ್ದು ಅದೇ ಮೊದಲು. ಅದೇ 1970ರಲ್ಲಿ ಮ್ಯಾಡಿಸನ್ನಿನಲ್ಲಿ ಆಫ್ರೋ-ಅಮೆರಿಕನ್ ಅಧ್ಯಯನ ವಿಭಾಗವೂ ಶುರುವಾಯಿತು.

ಇಲ್ಲಿ ಒಂದು ಕ್ಷಣ ನಿಂತು ನೋಡಿ. ಕಪ್ಪು ವಿದ್ಯಾರ್ಥಿಗಳು ತಮ್ಮ ಚರಿತ್ರೆ ಕೇಳಿದ ಅದೇ ಹೊತ್ತಿನಲ್ಲಿ, ಅಧಿಕಾರದ ಕೈ ನೇರವಾಗಿ ಹೋಗಿದ್ದು ಶುಲ್ಕ ವಿನಾಯಿತಿಯ ಮೇಲೆ. ಯಾಕೆ? ಲಾಠಿ ಬೀಸಿದರೆ ಪತ್ರಿಕೆಯಲ್ಲಿ ಬರುತ್ತೆ. ಫೀಸಿನ ನಿಯಮ ಬದಲಾದರೆ ಯಾರಿಗೂ ಕಾಣೋದಿಲ್ಲ. ಓದೋ ಹುಡುಗ ತಾನೇ ಗಂಟುಮೂಟೆ ಕಟ್ಟಿ ಹೋಗಿಬಿಡ್ತಾನೆ.

ಈ ಕತೆ ಮತ್ತೆ ಮತ್ತೆ ನಡೆದಿದೆ. 2008ರ ಆರ್ಥಿಕ ಕುಸಿತದ ನಂತರ ರಾಜ್ಯ ಸರ್ಕಾರಗಳು ವಿಶ್ವವಿದ್ಯಾಲಯಗಳ ಅನುದಾನ ಕಡಿತ ಮಾಡಿದವು. ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್ಸಿನಲ್ಲಿ 2009ರ ನವೆಂಬರಿನಲ್ಲಿ ಪದವೀಧರ ನೌಕರರ ಸಂಘ ಎರಡು ದಿನ ಮುಷ್ಕರ ಮಾಡಿತು. ಸಂಬಳದ ವಿಷಯ ಬಹುಪಾಲು ಬಗೆಹರಿದಿತ್ತು. ಮುಷ್ಕರ ನಿಂತಿದ್ದು ಒಂದೇ ಪ್ರಶ್ನೆ ಮೇಲೆ: ಶುಲ್ಕ ವಿನಾಯಿತಿ ಒಪ್ಪಂದದ ಕಾಗದದಲ್ಲಿ ಬರೆಯಲ್ಪಡಬೇಕೋ, ಆಡಳಿತದ ಇಷ್ಟಕ್ಕೆ ಬಿಟ್ಟಿರಬೇಕೋ? ಬರೆಸಿಕೊಂಡರು. 2018ರಲ್ಲಿ ಅದೇ ಕ್ಯಾಂಪಸ್ಸಿನಲ್ಲಿ ಅದೇ ಪ್ರಶ್ನೆ ಮತ್ತೆ ಎದ್ದಾಗ ಸುಮಾರು ಎರಡು ವಾರ ಮುಷ್ಕರ ಮಾಡಿ ಉಳಿಸಿಕೊಂಡರು. ಗೆದ್ದದ್ದನ್ನ ಮತ್ತೆ ಗೆಲ್ಲಬೇಕಾಗುತ್ತೆ. ಇಲ್ಲದಿದ್ದರೆ ಹೋಗುತ್ತೆ.

ಮ್ಯಾಡಿಸನ್ನಿನ ಆ ಮೊದಲ ಸಂಘಕ್ಕೇ ಏನಾಯ್ತು ನೋಡಿ. 2011ರಲ್ಲಿ ಗವರ್ನರ್ ಸ್ಕಾಟ್ ವಾಕರ್ "ಆಕ್ಟ್ 10" ಅನ್ನೋ ಕಾಯಿದೆ ತಂದು ಸರ್ಕಾರಿ ನೌಕರರ ಸಾಮೂಹಿಕ ಚೌಕಾಸಿಯ ಹಕ್ಕನ್ನೇ ಮೊಟಕು ಮಾಡಿದ. ಅದರ ವಿರುದ್ಧ ರಾಜ್ಯದ ಶಾಸಕಾಂಗ ಭವನದ ಒಳಗೆ ಮಲಗಿ ವಾರಗಟ್ಟಲೆ ನಡೆದ ಧರಣಿಯ ಮುಂಚೂಣಿಯಲ್ಲಿ ಇದ್ದವರು ಈ ಟೀಚಿಂಗ್ ಅಸಿಸ್ಟೆಂಟುಗಳು. ಧರಣಿ ದೊಡ್ಡದಾಯಿತು, ಆದರೂ ಕಾಯಿದೆ ಪಾಸಾಯಿತು.

ಈಗ ಒಂದು ತೊಡಕಿನ ವಿಷಯ. "ಸರಿ, ಇದು ಮಾಫಿ ಅಲ್ಲ, ಸಂಬಳ ಅಂತಲೇ ಕರೆಯೋಣ" ಅಂದರೆ ಅಲ್ಲೊಂದು ಬಲೆ ಇದೆ. ಸಂಬಳ ಅಂದರೆ ತೆರಿಗೆ.

ಅಮೆರಿಕದ ತೆರಿಗೆ ಸಂಹಿತೆಯ 117ನೇ ಕಲಮಿನಲ್ಲಿ ಒಂದು ಉಪಕಲಮು ಇದೆ. ಪಾಠ ಮಾಡುವ, ಸಂಶೋಧನೆ ಮಾಡುವ ಪದವೀಧರ ವಿದ್ಯಾರ್ಥಿಗಳಿಗೆ ಸಿಗೋ ಶುಲ್ಕ ಕಡಿತಕ್ಕೆ ತೆರಿಗೆ ಇಲ್ಲ ಅಂತ ಅದು ಹೇಳುತ್ತೆ. ಸ್ಟೈಪೆಂಡಿಗೆ ತೆರಿಗೆ ಇದೆ, ವಿನಾಯಿತಿಗೆ ಇಲ್ಲ. 2017ರ ನವೆಂಬರ್ 16ರಂದು ಅಮೆರಿಕದ ಕೆಳಮನೆ ಪಾಸು ಮಾಡಿದ ತೆರಿಗೆ ಮಸೂದೆ ಈ ಉಪಕಲಮನ್ನ ಕಿತ್ತುಹಾಕಿತ್ತು. ಲೆಕ್ಕ ಹಾಕಿ. ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಕೈಗೆ ಬರೋದು 30,000 ಡಾಲರ್, ಮನ್ನಾ ಆಗೋ ಶುಲ್ಕ 50,000 ಡಾಲರ್ ಅಂತ ಇಟ್ಟುಕೊಳ್ಳಿ. ಇನ್ನುಮುಂದೆ 80,000 ಡಾಲರ್ ದುಡಿದವನ ಹಾಗೆ ತೆರಿಗೆ ಕಟ್ಟಬೇಕು. ಕಣ್ಣಲ್ಲಿ ಕಾಣದ ದುಡ್ಡಿಗೆ ತೆರಿಗೆ! ಸುಮಾರು 1,45,000 ಪದವೀಧರ ವಿದ್ಯಾರ್ಥಿಗಳಿಗೆ ಈ ಶುಲ್ಕ ಕಡಿತ ಸಿಗುತ್ತಿತ್ತು ಅಂತ 2011-12ರ ಸರ್ಕಾರಿ ಅಂಕಿಅಂಶ ಹೇಳುತ್ತೆ. ನವೆಂಬರ್ 29ರಂದು ದೇಶದ ಎಷ್ಟೋ ಕ್ಯಾಂಪಸ್ಸುಗಳಲ್ಲಿ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಬಂದರು. ಸಂಸದರ ಕಚೇರಿಗಳ ಫೋನುಗಳು ಬಿಡುವಿಲ್ಲದೆ ಬಾರಿಸಿದವು. ಡಿಸೆಂಬರ್ 22ರಂದು ಸಹಿ ಬಿದ್ದ ಅಂತಿಮ ಕಾಯಿದೆಯಲ್ಲಿ ಆ ಅಂಶ ಇರಲಿಲ್ಲ.

ಅಂದರೆ ಸಂಬಳ ಅಂದರೆ ತೆರಿಗೆ, ಮಾಫಿ ಅಂದರೆ ಹಂಗು. ಹಾಗಾದರೆ ದಾರಿ ಯಾವುದು? ಅಲ್ಲಿನ ಸಂಘಗಳು ಕಂಡುಕೊಂಡ ದಾರಿ ಸರಳ. ಹೆಸರು ಏನಾದರೂ ಇರಲಿ, ಅದು ಒಪ್ಪಂದದಲ್ಲಿ ಬರೆದಿರಬೇಕು. ಬರೆದದ್ದು ಹಕ್ಕು. ಬರೆಯದ್ದು ಭಿಕ್ಷೆ.

ಬರೆದಿದ್ದರೂ ಏನಾಗಬಹುದು ಅನ್ನೋದಕ್ಕೆ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಉದಾಹರಣೆ ನೋಡಿ. 2023ರ ಜನವರಿ 31ರಂದು ಅಲ್ಲಿನ ಪದವೀಧರ ವಿದ್ಯಾರ್ಥಿಗಳ ಸಂಘ ಮುಷ್ಕರ ಹೂಡಿತು. ಆಗ ಅವರ ಸರಾಸರಿ ಸಂಬಳ ವರ್ಷಕ್ಕೆ ಸುಮಾರು 19,500 ಡಾಲರ್. ಅಮೆರಿಕದ ಒಂದು ದೊಡ್ಡ ನಗರದಲ್ಲಿ ಅದು ಬಾಡಿಗೆಗೂ ಸಾಲದು. ಮುಷ್ಕರ ಶುರುವಾಗಿ ಒಂದೇ ವಾರದಲ್ಲಿ ಮುಷ್ಕರನಿರತರಿಗೆ ಪತ್ರ ಬಂತು: ನಿಮ್ಮ ಶುಲ್ಕ ವಿನಾಯಿತಿ ರದ್ದಾಗಿದೆ, ಇಡೀ ಸೆಮಿಸ್ಟರಿನ ಫೀಸು ಮಾರ್ಚ್ 9ರೊಳಗೆ ಕಟ್ಟಿ. ಆರೋಗ್ಯ ವಿಮೆಯೂ ಕಟ್. ಕೆಲಸ ನಿಲ್ಲಿಸಿದರೆ ಸಂಬಳ ನಿಲ್ಲಿಸಿ, ಅದು ಎಲ್ಲ ಕಡೆ ಇದ್ದದ್ದೇ. ಆದರೆ ಓದುವ ಹಕ್ಕಿಗೇ ಬಿಲ್ ಹಾಕೋದು? ಅಲ್ಲಿವರೆಗೆ "ನೀವು ಮೊದಲು ವಿದ್ಯಾರ್ಥಿಗಳು" ಅಂತಿದ್ದ ಬಾಯೇ ಆವತ್ತು "ಕೆಲಸ ಮಾಡದಿದ್ದರೆ ವಿದ್ಯಾರ್ಥಿಯೂ ಅಲ್ಲ" ಅಂತು. ಅವರು ಹೆದರಲಿಲ್ಲ. ಮೊದಲ ರಾಜಿ ಪ್ರಸ್ತಾಪವನ್ನ ನೂರಕ್ಕೆ 92 ಮತಗಳಿಂದ ತಳ್ಳಿಹಾಕಿದರು. ಮಾರ್ಚ್ ಮಧ್ಯದ ಹೊತ್ತಿಗೆ ಸಂಬಳ ಏರಿಕೆಯ ಜೊತೆ ಒಪ್ಪಂದ ಆಯ್ತು, ಶುಲ್ಕ ವಿನಾಯಿತಿ ವಾಪಸ್ ಬಂತು.

ಈ "ವಿದ್ಯಾರ್ಥಿಯೋ ಕಾರ್ಮಿಕನೋ" ಅನ್ನೋ ಆಟ ಕಾನೂನಿನಲ್ಲೂ ನಡೆದಿದೆ. ಖಾಸಗಿ ವಿಶ್ವವಿದ್ಯಾಲಯಗಳ ವಿಷಯದಲ್ಲಿ ತೀರ್ಮಾನ ಕೊಡೋದು ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿ. 2000ದಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಇವರು ನೌಕರರು ಅಂತು. 2004ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಅಲ್ಲ, ಬರೀ ವಿದ್ಯಾರ್ಥಿಗಳು ಅಂತು. 2016ರಲ್ಲಿ ಮತ್ತೆ ನೌಕರರೇ ಅಂತು. ಸರ್ಕಾರ ಬದಲಾದರೆ ಮಂಡಳಿ ಬದಲು, ಮಂಡಳಿ ಬದಲಾದರೆ ಮನುಷ್ಯನ ಸ್ಥಾನವೇ ಬದಲು. 2016ರ ಆ ಪ್ರಕರಣ ಯಾವ ವಿಶ್ವವಿದ್ಯಾಲಯದ್ದು ಗೊತ್ತಾ? ಕೊಲಂಬಿಯಾದ್ದು. ಬಾಬಾಸಾಹೇಬರು ಓದಿದ ಕೊಲಂಬಿಯಾದ್ದು. ಅಲ್ಲಿನ ವಿದ್ಯಾರ್ಥಿ ಕಾರ್ಮಿಕರು 2021ರ ನವೆಂಬರಿನಿಂದ 2022ರ ಜನವರಿವರೆಗೆ ಹತ್ತಿರ ಹತ್ತಿರ 10 ವಾರ, ಆ ಚಳಿಯಲ್ಲಿ, ಮುಷ್ಕರ ಮಾಡಿ ಒಪ್ಪಂದ ಪಡೆದರು.

2022ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್ಸುಗಳಲ್ಲಿ 48,000 ಶೈಕ್ಷಣಿಕ ಕಾರ್ಮಿಕರು ಒಟ್ಟಿಗೆ ಕೆಲಸ ನಿಲ್ಲಿಸಿದರು. ಅವರ ಬೇಡಿಕೆಗಳಲ್ಲಿ ಒಂದು ನೇರವಾಗಿ ನಮ್ಮ ಮಕ್ಕಳಿಗೆ ಸಂಬಂಧಪಟ್ಟದ್ದು. ಹೊರರಾಜ್ಯದ, ಹೊರದೇಶದ ವಿದ್ಯಾರ್ಥಿಗಳಿಗೆ ಅಲ್ಲಿ ಮಾಮೂಲಿ ಶುಲ್ಕದ ಮೇಲೆ ವರ್ಷಕ್ಕೆ 15,102 ಡಾಲರ್ ಹೆಚ್ಚುವರಿ ಶುಲ್ಕ. ಅಮೆರಿಕದವರೇ ಆದರೆ ಒಂದು ವರ್ಷದಲ್ಲಿ ಆ ರಾಜ್ಯದ ನಿವಾಸಿ ಅಂತ ಮಾಡಿಸಿಕೊಂಡು ತಪ್ಪಿಸಿಕೊಳ್ತಾರೆ. ನಮ್ಮ ಚಾಮರಾಜನಗರದ ಹುಡುಗಿ ಎಷ್ಟು ವರ್ಷ ಇದ್ದರೂ ಹೊರಗಿನವಳೇ. ಈ ಶುಲ್ಕ ಪೂರ್ತಿ ರದ್ದಾಗಬೇಕು ಅನ್ನೋ ಬೇಡಿಕೆ ಈಡೇರಲಿಲ್ಲ. ಪಿಎಚ್‌ಡಿಯ ಅರ್ಹತಾ ಹಂತ ದಾಟಿದಮೇಲೆ ಮೂರು ವರ್ಷ ವಿನಾಯಿತಿ ಅನ್ನೋದು ಒಪ್ಪಂದಕ್ಕೆ ಸೇರಿತು.

ಇನ್ನು ಜಾತಿಯ ಮಾತು. ಅಮೆರಿಕಕ್ಕೆ ಹೋದ ನಮ್ಮವರಿಗೆ ಅಲ್ಲಿ ಜಾತಿ ಎದುರಾಗೋದಿಲ್ಲ ಅಂತ ಇನ್ನೂ ನಂಬಿದವರಿದ್ದಾರೆ. ವಿಮಾನದಲ್ಲಿ ಎಲ್ಲ ಜಾತಿಯವರೂ ಹೋಗ್ತಾರೆ, ಜಾತಿಯೂ ಅವರ ಜೊತೆಗೇ ಹೋಗುತ್ತೆ. ಲ್ಯಾಬಿನಲ್ಲಿ ಸೀನಿಯರ್ ಆಗಿ, ರೂಮಿನಲ್ಲಿ ಜೊತೆಗಾರನಾಗಿ, ಕೆಲವೊಮ್ಮೆ ಗೈಡ್ ಆಗಿಯೂ ಸಿಗುತ್ತೆ. ಆಗ ಈ ಶುಲ್ಕ ವಿನಾಯಿತಿಯ ಪ್ರಶ್ನೆ ಬೇರೆಯೇ ರೂಪ ತಾಳುತ್ತೆ. ಗೈಡ್ ಸಹಿ ಮಾಡಿದರೆ ಅಸಿಸ್ಟೆಂಟ್ ಹುದ್ದೆ, ಹುದ್ದೆ ಇದ್ದರೆ ವಿನಾಯಿತಿ, ವಿನಾಯಿತಿ ಇದ್ದರೆ ಓದು, ಓದು ಇದ್ದರೆ ವೀಸಾ. ಒಂದು ಸಹಿ ತಪ್ಪಿದರೆ ನಾಲ್ಕೂ ಕುಸಿಯುತ್ತೆ. ಇಂಥ ಕಡೆ ಯಾವ ಮಗು ತಾನೇ ಬಾಯಿಬಿಟ್ಟು ದೂರು ಕೊಡುತ್ತೆ?

ಅದಕ್ಕೇ ಈ ಎರಡು ಹೋರಾಟ ಒಂದೆಡೆ ಸೇರಿದ್ದು ನನಗೆ ದೊಡ್ಡ ಘಟನೆ ಅನ್ನಿಸುತ್ತೆ. 2019ರಲ್ಲಿ ಬ್ರ್ಯಾಂಡೈಸ್ ವಿಶ್ವವಿದ್ಯಾಲಯ ಅಲ್ಲಿನ ತಾರತಮ್ಯ ವಿರೋಧಿ ನೀತಿಗೆ ಜಾತಿಯನ್ನ ಸೇರಿಸಿತು. 2021ರಲ್ಲಿ ಹಾರ್ವರ್ಡ್ ಪದವೀಧರ ವಿದ್ಯಾರ್ಥಿಗಳ ಯೂನಿಯನ್ ಒಪ್ಪಂದದಲ್ಲಿ ಜಾತಿ ಅನ್ನೋ ಪದ ಬಂತು. 2022ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಎಲ್ಲ 23 ಕ್ಯಾಂಪಸ್ಸುಗಳ ನೀತಿಯಲ್ಲಿ ಸೇರಿತು, ಅದರ ಹಿಂದೆಯೂ ಅಧ್ಯಾಪಕರ ಯೂನಿಯನ್ನಿನ ಒಪ್ಪಂದ ಇತ್ತು. ಹಾರ್ವರ್ಡಿನ ಕೂಲಿ ಒಪ್ಪಂದದಲ್ಲಿ ಸಂಬಳ, ವಿಮೆಯ ಜೊತೆ ಜಾತಿ ಅಂತ ಒಂದು ಪದ! ಅದನ್ನ ಅಲ್ಲಿ ತಂದಿಟ್ಟವರು ದಲಿತ ಹೋರಾಟಗಾರರು, ಅವರ ಜೊತೆ ನಿಂತ ಬೇರೆ ಬೇರೆ ಬಣ್ಣದ ಕಾರ್ಮಿಕ ಸಂಗಾತಿಗಳು.

ಇಲ್ಲಿ ನಮ್ಮಲ್ಲಿ? ನಾನು ಎಂಎ ಓದುವಾಗ ಸ್ಕಾಲರ್‌ಶಿಪ್ ಹಣ ಸರ್ಕಾರದಿಂದ ಬಂದಿಲ್ಲ ಅಂತ ನಮ್ಮ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಅಂಕಪಟ್ಟಿ ಹಿಡಿದಿಟ್ಟುಕೊಂಡರು. ಗುಮಾಸ್ತರ ಮೇಜಿನ ಮುಂದೆ ಎಂಟು ತಿಂಗಳು ಅಲೆದೆ. "ನಿಮ್ಮೋರಿಗೆಲ್ಲ ಬಿಟ್ಟಿ ಅಲ್ವೇನಪ್ಪ, ಕಾಯಿ" ಅಂದರು. ಬಿಟ್ಟಿ! ಬಿಟ್ಟಿ ಚಾಕರಿ ಮಾಡಿಸಿಕೊಂಡವರ ಬಾಯಲ್ಲಿ ಬಿಟ್ಟಿ ಅನ್ನೋ ಪದ. ಆ ಪದದ ಚರಿತ್ರೆ ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

2015ರ ಅಕ್ಟೋಬರಿನಲ್ಲಿ ಯುಜಿಸಿ ನೆಟ್ ಇಲ್ಲದ ಸಂಶೋಧಕರಿಗೆ ಕೊಡುತ್ತಿದ್ದ ಫೆಲೋಶಿಪ್ ನಿಲ್ಲಿಸುವ ತೀರ್ಮಾನ ಮಾಡಿತು. ಎಂಫಿಲ್‌ಗೆ 5,000, ಪಿಎಚ್‌ಡಿಗೆ 8,000 ರೂಪಾಯಿ, ಅಷ್ಟೇ. ವಿದ್ಯಾರ್ಥಿಗಳು ದೆಹಲಿಯ ಯುಜಿಸಿ ಕಚೇರಿ ಮುಂದೆ ಹಗಲು ರಾತ್ರಿ ಕೂತರು. ಅದೇ ಹೊತ್ತಿಗೆ ಹೈದರಾಬಾದಿನಲ್ಲಿ ರೋಹಿತ್ ವೇಮುಲಾಗೆ ಏಳು ತಿಂಗಳ ಫೆಲೋಶಿಪ್ ಬಂದಿರಲಿಲ್ಲ. ತಿಂಗಳಿಗೆ 25,000ದ ಲೆಕ್ಕದಲ್ಲಿ 1,75,000 ರೂಪಾಯಿ. 2016ರ ಜನವರಿ 17ರಂದು ರೋಹಿತ್ ನಮ್ಮನ್ನ ಬಿಟ್ಟುಹೋದಾಗ, ಬರೆದಿಟ್ಟ ಕೊನೆಯ ಪತ್ರದಲ್ಲೂ ಆ ಬಾಕಿಯ ಲೆಕ್ಕ ಇತ್ತು, ಅದನ್ನ ಮನೆಯವರಿಗೆ ತಲುಪಿಸಬೇಕು ಅಂತ. ಓದೋ ದಲಿತನನ್ನ ಮಣಿಸೋಕೆ ಮೊದಲು ಮುಟ್ಟೋದು ಯಾವುದನ್ನ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ಕೆಲವರು ಕೇಳಬಹುದು. ಸಿಕ್ಕಿದ ಅವಕಾಶ ಬಳಸಿಕೊಂಡು ಸುಮ್ಮನೆ ಓದಿ ಬರಬಾರದಾ, ಸಂಘ-ಮುಷ್ಕರ ಎಲ್ಲ ನಮ್ಮ ಮಕ್ಕಳಿಗೆ ಯಾಕೆ ಅಂತ. ಹೊರದೇಶದ ವಿದ್ಯಾರ್ಥಿಗೆ ವೀಸಾದ ಭಯ ಇದ್ದೇ ಇರುತ್ತೆ, ಅದನ್ನ ನಾನು ಹಗುರ ಮಾಡೋದಿಲ್ಲ. ಎಲ್ಲರೂ ಮುಂದೆ ನಿಂತು ಘೋಷಣೆ ಕೂಗಿ ಅಂತಲೂ ಹೇಳೋದಿಲ್ಲ. ಆದರೆ ತನ್ನ ಕೈಲಿರೋದು ದಾನ ಅಲ್ಲ, ದುಡಿಮೆ ಅಂತ ತಿಳಿದವನ ಬೆನ್ನು ನೇರ ಇರುತ್ತೆ. ಅಷ್ಟು ಸಾಕು, ಉಳಿದದ್ದು ಆಮೇಲೆ.

ಹೊರಟಿರೋ ತಮ್ಮಂದಿರಿಗೆ, ತಂಗಿಯರಿಗೆ ಕೆಲವು ಮಾತು.

ಆಫರ್ ಲೆಟರನ್ನ ಎರಡು ಸಲ ಅಲ್ಲ, ಹತ್ತು ಸಲ ಓದಿ. ಮನ್ನಾ ಆಗಿರೋದು ಟ್ಯೂಷನ್ ಮಾತ್ರವೋ, ಬೇರೆ ಫೀಸುಗಳೂ ಸೇರಿವೆಯೋ ಕೇಳಿ. ಅಲ್ಲಿ ಈ ಎರಡೂ ಬೇರೆ ಬೇರೆ, ಎರಡನೆಯದೇ ವರ್ಷಕ್ಕೆ ಸಾವಿರ ಡಾಲರ್ ದಾಟಬಹುದು. ಹೊರದೇಶದವರ ಹೆಚ್ಚುವರಿ ಶುಲ್ಕ ಅದರಲ್ಲಿ ಸೇರಿದೆಯಾ ಕೇಳಿ. ಎಷ್ಟು ವರ್ಷ, ಬೇಸಿಗೆಯಲ್ಲಿ ಉಂಟಾ ಇಲ್ಲವಾ, ಬರೆದು ಕೊಡೋಕೆ ಹೇಳಿ. ಎಷ್ಟು ಗಂಟೆಯ ಕೆಲಸಕ್ಕೆ ವಿನಾಯಿತಿ ಸಿಗುತ್ತೆ ನೋಡಿ. ಇಲಿನಾಯಿಯಂಥ ಕಡೆ ವಾರಕ್ಕೆ 10 ಗಂಟೆ, ಅಂದರೆ ಪೂರ್ಣ ಹುದ್ದೆಯ ನಾಲ್ಕನೇ ಒಂದು ಭಾಗಕ್ಕಿಂತ ಕೆಳಗಿಳಿದರೆ ವಿನಾಯಿತಿ ಹೋಗುತ್ತೆ. ಮೇಲೆ ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವ ದಿನಗಳಲ್ಲಿ 20 ಗಂಟೆ ಮೀರಿ ದುಡಿಯುವಂತಿಲ್ಲ. ಅಕಸ್ಮಾತ್ ಗೈಡಿನ ಅನುದಾನ ನಿಂತರೆ, ಗೈಡ್ ಬದಲಾಯಿಸಬೇಕಾಗಿ ಬಂದರೆ ಏನು ಅಂತ ಮೊದಲೇ ಕೇಳಿ. ಬಾಯಿಮಾತಿನ ಭರವಸೆ ನಂಬಬೇಡಿ, ಈಮೇಲಿನಲ್ಲಿ ಬರಲಿ.

ಅಲ್ಲಿ ಯೂನಿಯನ್ ಇದೆಯಾ ಹುಡುಕಿ. ಇದ್ದರೆ ಅದರ ಒಪ್ಪಂದ ಸಾಮಾನ್ಯವಾಗಿ ಅಂತರ್ಜಾಲದಲ್ಲೇ ಸಿಗುತ್ತೆ, ತಾರತಮ್ಯದ ಕಲಮಿನಲ್ಲಿ ಜಾತಿ ಇದೆಯಾ ನೋಡಿ. ಇಲ್ಲದಿದ್ದರೆ ಮುಂದಿನ ಒಪ್ಪಂದದಲ್ಲಿ ಅದನ್ನ ಬರೆಸೋ ಕೆಲಸ ನಿಮ್ಮದು. ಇಂಥ ಪತ್ರ ಓದೋಕೆ ಗೊತ್ತಾಗದಿದ್ದರೆ ನಾಚಿಕೆ ಬೇಡ, ನನಗೆ ಕಳಿಸಿ. ಅಲ್ಲಿ ಓದಿ ಬಂದ ನಮ್ಮವರು ಈಗ ಇದ್ದಾರೆ, ಕೂತು ಓದಿಸ್ತೀವಿ.

1970ರಲ್ಲಿ ಮ್ಯಾಡಿಸನ್ನಿನ ರಸ್ತೆಯಲ್ಲಿ ಫಲಕ ಹಿಡಿದು ನಿಂತ ಆ ಹುಡುಗ ಹುಡುಗಿಯರಿಗೆ ನಮ್ಮ ಕೇರಿಯ ಹೆಸರೂ ಗೊತ್ತಿರಲಿಲ್ಲ. ಆದರೂ ಇವತ್ತು ನಮ್ಮ ಕೇರಿಯ ಮಗು ಆ ದೇಶದಲ್ಲಿ ಫೀಸು ಕಟ್ಟದೆ ಓದುತ್ತಿದ್ದರೆ ಅದರಲ್ಲಿ ಅವರ ಮೂರು ವಾರದ ಸಂಬಳ ಸೇರಿದೆ. ಅವರಿಗೂ ಮುಂಚೆ ಬಂದೂಕಿನೆದುರು ನಿಂತ ಕಪ್ಪು ವಿದ್ಯಾರ್ಥಿಗಳ ಧೈರ್ಯ ಸೇರಿದೆ. ಋಣ ಅಂತ ಇದ್ದರೆ ಅದು ವಿಶ್ವವಿದ್ಯಾಲಯದ ಖಜಾನೆಗಲ್ಲ, ಇವರಿಗೆ. ಆ ಋಣ ತೀರಿಸೋ ಬಗೆ ಒಂದೇ: ನಿಮ್ಮ ಹಿಂದೆ ಬರೋ ಮಗುವಿಗೆ ಇನ್ನೊಂದು ಸಾಲು ಹೆಚ್ಚಿಗೆ ಬರೆಸಿಟ್ಟು ಬರೋದು.

ಜೈಭೀಮ್.